ನಿದ್ದೆಯಲ್ಲಿ ಎಳೆದ ಹಗ್ಗ

ಆ ಊರಿನ ಬಸ್ಸುಗಳು ತಾವಾಗಿ ಎಲ್ಲಿಯೂ ನಿಲ್ಲುವುದಿಲ್ಲ. ಕಿಟಕಿಗಳ ಮೇಲ್ಗಡೆ, ಹಿಂದಿನಿಂದ ಮುಂದಿನವರೆಗೆ, ಒಂದು ಹಗ್ಗ ಕಟ್ಟಿರುತ್ತಾರೆ. ಇಳಿಯಬೇಕಾದವರು ಅದನ್ನು ಎಳೆಯಬೇಕು. ಡ್ರೈವರನ ತಲೆಯ ಹತ್ತಿರ ಗಂಟೆ ಬಡಿದುಕೊಳ್ಳುತ್ತದೆ. ಬೇಗ ಎಳೆದರೆ ಹಿಂದಿನ ನಿಲ್ದಾಣದಲ್ಲೇ ಇಳಿಸುತ್ತಾನೆ, ತಡವಾದರೆ ಮುಂದಿನದಕ್ಕೆ ಒಯ್ಯುತ್ತಾನೆ. ಯಾವ ತಿರುವಿನಲ್ಲಿ, ಯಾವ ಗೋಡೆ ಕಂಡಾಗ ಎಳೆಯಬೇಕು ಎಂದು ಎಲ್ಲಿಯೂ ಬರೆದಿರುವುದಿಲ್ಲ. ಊರಿನವರ ಕೈಗೆ ಅದು ಗೊತ್ತಿರುತ್ತದೆ.

ಮೊದಲ ದಿನ ನಾನು ಬೇಗ ಎಳೆದೆ. ಮತ್ತೊಮ್ಮೆ ಇನ್ನೂ ಬೇಗ ಎಳೆದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ "ಹೊಸಬರು" ಎಂದ. ಬಸ್ಸಿನಲ್ಲಿದ್ದವರು ನಕ್ಕರು. ಜೊತೆಗೆ ಬಂದಿದ್ದ ನನ್ನ ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು.

"ಎತ್ತಿಗೆ ಮೂಗುದಾರ ಹಾಕೋದು ಕಂಡಿದ್ದೆ. ಬಸ್ಸಿಗೂ ಹಾಕ್ತಾರೆ ಅಂತ ಈಗ ಗೊತ್ತಾಯ್ತು," ಎಂದರು. "ಅಷ್ಟೊಂದು ಓದಿದ್ದೀಯ, ಒಂದು ಹಗ್ಗ ಎಳೆಯೋಕೆ ಬರಲ್ವಲ್ಲ ಪ್ರೊಫೆಸರಮ್ಮ."

"ನೀವೇ ಎಳೀರಿ ಅತ್ತೆ."

"ನಂಗೇನು ಗೊತ್ತು? ನಾನು ಕುರುಡು, ನೀನು ಕೈಕೋಲು. ನೀನು ಎಲ್ಲಿಳಿಸ್ತೀಯೋ ಅಲ್ಲೇ ನಂದು."

ಅವರು ನನ್ನ ಮೊಣಕೈ ಹಿಡಿದುಕೊಂಡು ಇಳಿದರು. ಆ ಹಿಡಿತ ನನಗೆ ಇಷ್ಟವಾಯಿತು. ನನ್ನನ್ನು ಯಾರಾದರೂ ಹಿಡಿದುಕೊಂಡರೆ ಆಗ ನಾನು ಇದ್ದೇನೆ ಎಂದು ತಿಳಿಯುತ್ತಿತ್ತು.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿದ್ದ. ಜ್ವರವೆಂದು ತಾನೇ ಆಸ್ಪತ್ರೆಗೆ ನಡೆದುಕೊಂಡು ಹೋದವನು ನಡೆದು ವಾಪಸು ಬರಲಿಲ್ಲ. ಅದಾಗಿ ಎರಡನೆಯ ಚಳಿಗಾಲ ಇದು. ಅವನ ಕೆಲಸವೇ ತಿರುಗಾಟ, ಅದರಲ್ಲೂ ಈ ಊರಿಗೆ ಹೆಚ್ಚು. "ಅಲ್ಲಿನ ಕಟ್ಟಡಗಳೆಲ್ಲ ಹಳೇವು. ಲಿಫ್ಟುಗಳು ವಯಸ್ಸಾದೋರ ಹಾಗೆ, ದಿನಕ್ಕೊಂದು ಕಾಯಿಲೆ," ಎನ್ನುತ್ತಿದ್ದ. ನನ್ನನ್ನೂ ಕರೆದುಕೊಂಡು ಹೋಗು ಎಂದರೆ, "ಅಲ್ಲೇನಿದೆ, ಧೂಳು. ಆ ಊರಿನ ಬಸ್ಸು ಹತ್ತಿದ್ರೆ ನೀನು ಅರ್ಧ ದಿನ ಬಾಳಲ್ಲ," ಎಂದು ನಗುತ್ತಿದ್ದ. ಒಂದೇ ಒಂದು ಸಲ ಒಳ್ಳೆಯ ಮಾತು ಹೇಳಿದ್ದ. ಲಿಫ್ಟಿನ ಮೋಟಾರು ಇರುವುದು ಕಟ್ಟಡದ ನೆತ್ತಿಯ ಮೇಲಿನ ಕೋಣೆಯಲ್ಲಿ. ಕೆಲಸ ಮುಗಿಸಿ ಅಲ್ಲಿ ನಿಂತು ಕೈ ಒರೆಸಿಕೊಳ್ಳುವಾಗ ಸಮುದ್ರದ ಅಂಚಿಗೆ ಒಂದು ಬಿಳಿ ಲೈಟ್‌ಹೌಸ್ ಕಾಣುತ್ತದೆ, ಆಗ ನಿನ್ನ ನೆನಪಾಗುತ್ತದೆ ಎಂದಿದ್ದ.

ಆ ಒಂದು ಮಾತನ್ನು ನಂಬಿಕೊಂಡು ನಾನು ಈ ಊರಿಗೆ ಬಂದಿದ್ದೆ.

ಹೋಗುತ್ತೇನೆ ಎಂದಾಗ ಅತ್ತೆ ಬೇಡವೆಂದರು. "ಸತ್ತವನು ದುಡಿದ ಊರಲ್ಲಿ ಏನು ಹುಡುಕ್ತೀಯ?" ಎಂದರು. ಮರುದಿನ ಬೆಳಿಗ್ಗೆ ನೋಡಿದರೆ ಅವರ ಚೀಲವೂ ಬಾಗಿಲ ಬಳಿ ನಿಂತಿತ್ತು. "ನಿನ್ನೊಬ್ಬಳನ್ನೇ ಕಳಿಸಿ ನಾನಿಲ್ಲಿ ಗಡಿಯಾರ ನೋಡ್ತಾ ಕೂರಲಾ? ನಾನೂ ಬರ್ತೀನಿ." ಅವರ ಮಂಡಿಗೆಂದು ಹಸಿರು ಬಾಟಲಿಯ ಎಣ್ಣೆಯನ್ನು ನನ್ನ ಬಟ್ಟೆಗಳ ನಡುವೆ ಸುತ್ತಿಟ್ಟುಕೊಂಡೆ.

ಇನ್ನೊಂದು ವಿಷಯ ಹೇಳಬೇಕು. ನಾನು ಓದಿದ ವಿಶ್ವವಿದ್ಯಾಲಯದಲ್ಲಿ ನನಗೆ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಒಪ್ಪಿದರೆ ಅತ್ತೆಯ ಮನೆ ಬಿಟ್ಟು ದೂರ ಹೋಗಬೇಕು. ವಿಭಾಗದ ಮುಖ್ಯಸ್ಥೆ, ನನ್ನ ಹಳೆಯ ಮೇಡಂ, ಈ ವಾರದೊಳಗೆ ಹೇಳು ಎಂದಿದ್ದರು. ಬೇಡ ಎಂದು ಹೇಳುವುದೆಂದು ನಾನು ನಿಶ್ಚಯಿಸಿಕೊಂಡಿದ್ದೆ. ನನ್ನ ಅಮ್ಮ ಫೋನಿನಲ್ಲಿ "ಆ ಮನೇಲಿ ಇನ್ನು ನಿನಗೇನಿದೆ?" ಎಂದಾಗಲೂ ನನ್ನ ಉತ್ತರ ಒಂದೇ. ಅತ್ತೆಗೆ ನನ್ನ ಬಿಟ್ಟರೆ ಯಾರೂ ಇಲ್ಲ.

ಅದು ನಿಜವೂ ಆಗಿತ್ತು, ನಾನು ಬಲ್ಲಮಟ್ಟಿಗೆ. ಅವರು ಹೊಸಿಲು ದಾಟುತ್ತಿದ್ದುದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ತಮ್ಮ ಅಕ್ಕನ ಮನೆಗೆ. ದೊಡ್ಡತ್ತೆಯನ್ನು ನಾನು ನೋಡಿದ್ದು ನನ್ನ ಮದುವೆಯಲ್ಲಿ ಮಾತ್ರ. ಅವರಿಗೆ ಕಿವಿ ಕೇಳದು, ಆದ್ದರಿಂದ ಫೋನಿಲ್ಲ. ಮಂಡಿ ಮಡಚಲಾಗದು, ಆದ್ದರಿಂದ ಎಣ್ಣೆ. ನಮ್ಮ ಬೀದಿಯ ಔಷಧಿ ಅಂಗಡಿಯವರು ತಾವೇ ಕಾಸಿ ಹಸಿರು ಬಾಟಲಿಗಳಲ್ಲಿ ತುಂಬಿ ಕೊಡುವ ಆ ಎಣ್ಣೆಯನ್ನು ಪ್ರತಿ ಬೇಸಿಗೆ ನಾನೇ ತಂದು ಅತ್ತೆಯ ಚೀಲದಲ್ಲಿಡುತ್ತಿದ್ದೆ. ಹೋದ ಬೇಸಿಗೆಯಲ್ಲೂ ಇಟ್ಟೆ. ಆಗ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಗೋಡೆಯ ಮೇಲೆ ಅವನ ಅಂಗಿ ಇನ್ನೂ ನೇತಾಡುತ್ತಿತ್ತು.

ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ನಾನು ಅತ್ತಾಗ ಅತ್ತೆ ಹೇಳಿದ್ದರು: "ಆಗದಿದ್ರೆ ಏನು ಮುಳುಗಿಹೋಯ್ತು? ನಂಗೆ ಮೊಮ್ಮಕ್ಕಳ ಚಪಲ ಇಲ್ಲ ಮಗಳೇ. ನೀನೇ ಸಾಕು." ಬೇರೆ ಸೊಸೆಯರು ಏನೇನು ಕೇಳಿಸಿಕೊಳ್ಳುತ್ತಾರೆಂದು ಗೊತ್ತಿದ್ದ ನಾನು, ಈ ಮಾತನ್ನು ಎದೆಗೆ ಅವಚಿಕೊಂಡು ಬದುಕಿದ್ದೆ. ಅವನು ಮತ್ತೆ ಮತ್ತೆ ಪ್ರವಾಸ ಹೊರಟಾಗ ನಾನು ಗೊಣಗಿದರೆ ನನ್ನ ಪರವಾಗಿ ಮಗನನ್ನೇ ಬೈಯುತ್ತಿದ್ದರು. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಹೆಗ್ಗಣಕ್ಕೆ ಕಾಲು ಒಂದು ಕಡೆ ನಿಲ್ಲಲ್ಲ." ನಾವಿಬ್ಬರೂ ನಗುತ್ತಿದ್ದೆವು.

ಎರಡನೆಯ ದಿನ ಲೈಟ್‌ಹೌಸಿಗೆ ಹೊರಡೋಣ ಎಂದೆ. ಲಾಡ್ಜಿನ ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ, ನಡುವೆ ಒಂದು ಸ್ಟೂಲು. ಅತ್ತೆ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು.

"ಲೈಟ್‌ಹೌಸಲ್ಲಿ ಏನಿರುತ್ತೆ? ಮೆಟ್ಟಿಲು. ನನ್ನ ಮಂಡಿ ನೋಡು."

"ನೀವು ಕೆಳಗೆ ಕೂತಿರಿ. ನಾನು ಹತ್ತಿ ಬರ್ತೀನಿ."

"ಬಿಸಿಲು."

"ಚಳಿಗಾಲ ಅತ್ತೆ."

"ಮ್ಯೂಸಿಯಂ ಇದೆಯಂತಲ್ಲ, ಸತ್ತ ರಾಜರ ಚಪ್ಪಲಿ ಗಿಪ್ಪಲಿ ಇಟ್ಟಿರ್ತಾರೆ. ಅಲ್ಲಿಗೆ ಹೋಗೋಣ. ಕೂರೋಕೆ ಬೆಂಚಾದ್ರೂ ಇರುತ್ತೆ."

ನಾನು ಎರಡಕ್ಕೂ ಹೋಗೋಣ ಎಂದೆ. ಬೆಳಗಿನ ಹೊತ್ತು ಮ್ಯೂಸಿಯಂನಲ್ಲಿ ಕಳೆಯಿತು. ಅತ್ತೆ ಪ್ರತಿಯೊಂದು ಗಾಜಿನ ಪೆಟ್ಟಿಗೆಯ ಮುಂದೆಯೂ, ಅದರೊಳಗೆ ಏನಿದೆಯೆಂದು ನೋಡದೆ, ಬಹಳ ಹೊತ್ತು ನಿಂತರು. ಹೊತ್ತು ಕಳೆಯುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಆಸಕ್ತಿ ಹುಟ್ಟಿದೆ ಎಂದುಕೊಂಡೆ. ಊಟವಾದ ಮೇಲೆ ಲೈಟ್‌ಹೌಸಿನ ಬಸ್ಸು ಬಂತು. ಅವರು ಇನ್ನೊಂದು ನೆಪ ಹುಡುಕುವಷ್ಟರಲ್ಲಿ ನಾನು ಅವರ ಕೈಹಿಡಿದು ಹತ್ತಿಸಿದ್ದೆ.

ಕಿಟಕಿಯ ಪಕ್ಕ ನಾನು ಕುಳಿತೆ, ಹಗ್ಗಕ್ಕೆ ಕೈ ಎಟುಕಲೆಂದು. "ಆ ಕಡೆ ಬಿಸಿಲು ಹೊಡೆಯುತ್ತೆ," ಎಂದು ಅತ್ತೆ ನನ್ನನ್ನು ಎಬ್ಬಿಸಿ ಆಚೆ ಬದಿಯ ಸೀಟಿನಲ್ಲಿ ಕೂರಿಸಿ, ನನ್ನ ಪಕ್ಕ ಕಿಟಕಿಯ ಬಳಿ ತಾವು ಕುಳಿತರು. ಬಸ್ಸು ಹೊರಟು ತಿರುಗಿದ ಮೇಲೆ ನಿಜವಾಗಿಯೂ ಬಿಸಿಲು ನಾವು ಬಿಟ್ಟುಬಂದ ಕಡೆಗೇ ಬಿತ್ತು. ಅದನ್ನೂ ನಾನು ಗಮನಿಸಿದೆ, ಗಮನಿಸಿ ಬಿಟ್ಟುಬಿಟ್ಟೆ. ವಯಸ್ಸಾದವರಿಗೆ ಬಿಸಿಲು ತಿಳಿಯುತ್ತದೆ.

ಕಿಟಕಿ ಗಾಜಿನ ದೊಡ್ಡ ಹಾಳೆಯೊಂದನ್ನು ತಬ್ಬಿಕೊಂಡ ಮನುಷ್ಯನೊಬ್ಬ ಹತ್ತಿದ. ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿದು ಕುಳಿತಿತು. "ಯಾರೂ ಸೀನಬೇಡಿ," ಎಂದ ಅವನು. ಎಲ್ಲರೂ ನಕ್ಕರು. ಆ ನಗುವಿಗೆ ಅತ್ತೆ ಸೇರಲಿಲ್ಲ. ತಿರುಗಿ ನೋಡಿದರೆ ನಿದ್ದೆ ಹೋಗಿದ್ದರು. ರೈಲಿನಲ್ಲಿ ರಾತ್ರಿಯಿಡೀ ಚೀಲ ತಬ್ಬಿಕೊಂಡು ಎದ್ದು ಕುಳಿತಿದ್ದವರು, ಇಲ್ಲಿ ಬಾಯಿ ತುಸು ತೆರೆದು, ಕಿಟಕಿಯ ಸರಳಿಗೆ ತಲೆ ಆನಿಸಿ, ತಮ್ಮ ಮನೆಯ ಜಗಲಿಯಲ್ಲಿ ಒರಗಿದವರ ಹಾಗೆ ಮಲಗಿದ್ದರು.

ಊರು ನೋಡಲು ಬಂದವರು ಬಸ್ಸಿನಲ್ಲಿ ನಿದ್ದೆ ಮಾಡುವುದಿಲ್ಲ. ಅವರಿಗೆ ಆ ಧೈರ್ಯ ಇರುವುದಿಲ್ಲ. ಎಲ್ಲಿ ಇಳಿಯಬೇಕೋ ಎಂದು ಕುತ್ತಿಗೆ ಚಾಚಿ, ಪ್ರತಿ ಫಲಕವನ್ನೂ ಓದುತ್ತ, ಪಕ್ಕದವರನ್ನು ಎರಡೆರಡು ಸಲ ಕೇಳುತ್ತ ಕುಳಿತಿರುತ್ತಾರೆ. ನಾನು ಹಾಗೆಯೇ ಕುಳಿತಿದ್ದೆ.

ಬಸ್ಸು ಉದ್ದನೆಯ ಇಟ್ಟಿಗೆ ಗೋಡೆಯೊಂದರ ಪಕ್ಕ ಎಡಕ್ಕೆ ಹೊರಳಿತು. ಅತ್ತೆಯ ಕಣ್ಣು ಮುಚ್ಚಿಯೇ ಇತ್ತು. ಬಲಗೈ ಮಾತ್ರ ಮೇಲಕ್ಕೆ ಹೋಯಿತು. ಹುಡುಕದೆ, ತಡಕದೆ ಹಗ್ಗವನ್ನು ಹಿಡಿದು ಒಮ್ಮೆ ಎಳೆಯಿತು. ಗಂಟೆ ಬಡಿದುಕೊಂಡಿತು. ಎಡಗೈ ಕಾಲ ಬಳಿಯ ಚೀಲವನ್ನು ತೋಳಿಗೇರಿಸಿತು. ಅವರು ಅರ್ಧ ಎದ್ದು, ನನ್ನ ತೊಡೆ ತಟ್ಟಿ, "ಏಳು ಪುಟ್ಟಿ, ಬಂತು," ಎಂದರು.

ಅವರು ನನ್ನನ್ನು ಎಂದೂ ಪುಟ್ಟಿ ಎಂದು ಕರೆದವರಲ್ಲ.

ಆಮೇಲೆ ಕಣ್ಣು ಬಿಟ್ಟರು. ತಮ್ಮ ಮನೆಯ ಬಾಗಿಲು ತೆಗೆದು, ಒಳಗೆ ಬೇರೆ ಯಾರೋ ಕುಳಿತಿರುವುದನ್ನು ಕಂಡವರ ಹಾಗೆ ನನ್ನನ್ನು ನೋಡಿದರು.

"ಅಯ್ಯೋ, ನಿದ್ದೆಗಣ್ಣಲ್ಲಿ ಏನೋ ಎಳೆದುಬಿಟ್ಟೆ. ಕೂತ್ಕೋ, ಕೂತ್ಕೋ. ಲೈಟ್‌ಹೌಸು ಇನ್ನೂ ಮುಂದಿದೆ."

"ಇನ್ನೂ ಮುಂದಿದೆ ಅಂತ ನಿಮಗೆ ಹೇಗೆ ಗೊತ್ತು ಅತ್ತೆ?"

ಬಸ್ಸು ನಿಂತಿತು. ಡ್ರೈವರ್ ಹಿಂದೆ ತಿರುಗಿ, "ಗಂಟೆ ಹೊಡೆದವರು ಇಳೀರಪ್ಪ. ಏನು, ನಾನು ಬಂದು ಎತ್ತಿ ಇಳಿಸಲಾ?" ಎಂದು ಕೂಗಿದ. ನಾನು ಇಳಿದೆ. ಅತ್ತೆ ಬೇರೆ ದಾರಿಯಿಲ್ಲದೆ ನನ್ನ ಹಿಂದೆ ಇಳಿದರು. ಈ ಸಲ ನನ್ನ ಮೊಣಕೈ ಹಿಡಿಯಲಿಲ್ಲ.

ಅದೊಂದು ತಗಡಿನ ಸೂರಿನ ನಿಲ್ದಾಣ. ಒಂದು ಹಲಗೆ ಕಿತ್ತುಹೋದ ಬೆಂಚು. ಪಕ್ಕದಲ್ಲಿ, ಕಪಾಟಿನಷ್ಟೇ ಅಗಲದ ಬೀಗ ರಿಪೇರಿ ಅಂಗಡಿ. ಹಿಂದೆ ಒಂದಂತಸ್ತಿನ ಮನೆಗಳ ಸಾಲು, ತಾರಸಿಗಳ ಮೇಲೆ ಒಣಹಾಕಿದ ಬಟ್ಟೆ. ಆ ಬಟ್ಟೆಗಳಾಚೆ, ಬೀದಿಯ ಕೊನೆಗೆ, ಬಿಳಿ ಲೈಟ್‌ಹೌಸ್ ಪೂರ್ತಿಯಾಗಿ ಕಾಣುತ್ತಿತ್ತು. ಸುತ್ತ ಕಣ್ಣು ಹಾಯಿಸಿದೆ. ಲಿಫ್ಟ್ ಬೇಕಾಗುವಷ್ಟು ಎತ್ತರದ ಕಟ್ಟಡ ಒಂದೂ ಇರಲಿಲ್ಲ.

"ಓ ಅಜ್ಜಿ!" ಎಂದರು ಬೀಗದಂಗಡಿಯವರು, ಕನ್ನಡಕವನ್ನು ಹಣೆಗೆ ಏರಿಸಿ. "ಇದೇನು, ಬೇಸಿಗೆಗೆ ಮುಂಚೇನೇ ಬಂದ್ಬಿಟ್ರಿ!"

"ನೀವು ಯಾರನ್ನೋ ಅಂದ್ಕೊಂಡ್ರಿ," ಎಂದರು ಅತ್ತೆ.

ಅಂಗಡಿಯವರು ಹೊಟ್ಟೆ ಹಿಡಿದು ನಕ್ಕರು. "ಅಜ್ಜಿ ತಮಾಷೆ ಬಿಡಲ್ಲ. ಅದಿರ್ಲಿ, ನೀವು ಕೊಟ್ಟ ಎಣ್ಣೆ ಇದೆಯಲ್ಲ, ಹಸಿರು ಬಾಟ್ಲಿ, ನಮ್ಮನೆಯವಳ ಸೊಂಟಕ್ಕೆ ಎಷ್ಟು ಚೆನ್ನಾಗಿ ಹಿಡೀತು ಅಂತೀರಿ! ಕುಂಟ್ತಿದ್ದೋಳು ಈಗ ನನ್ನನ್ನ ಅಟ್ಟಿಸಿಕೊಂಡು ಬರ್ತಾಳೆ. ಇನ್ನೊಂದು ತಂದಿದ್ದೀರಾ?"

ಅತ್ತೆ ಚೀಲವನ್ನು ಇನ್ನೊಂದು ತೋಳಿಗೆ ಬದಲಿಸಿದರು.

"ಕೂತಿರಿ ಕೂತಿರಿ, ಪುಟ್ಟಿ ಇನ್ನೂ ಸ್ಕೂಲಿಂದ ಬಂದಿಲ್ಲ. ಮುಂದಿನ ಬಸ್ಸಿಗೆ ಬರ್ತಾಳೆ," ಎಂದು ಅವರು ಬೀಗದ ಕೈ ಉಜ್ಜುವ ಯಂತ್ರ ಚಾಲೂ ಮಾಡಿದರು. ಕಿಡಿಗಳು ಹಾರಿದವು. ಆ ಸದ್ದಿನಲ್ಲಿ ನಾವು ಆಡಿದ್ದು ಯಾರಿಗೂ ಕೇಳಿಸುವಂತಿರಲಿಲ್ಲ.

ನಾನು ಬೆಂಚಿನ ಒಂದು ತುದಿಗೆ ಕುಳಿತೆ, ಅವರು ಇನ್ನೊಂದು ತುದಿಗೆ. ನಡುವೆ ಕಿತ್ತುಹೋದ ಹಲಗೆಯ ಜಾಗ.

"ಯಾರ ಮಗು?" ಎಂದೆ. ಉತ್ತರ ಗೊತ್ತಿತ್ತು. ಆದರೂ ಅವರ ಬಾಯಿಂದ ಬರಲಿ ಎಂದು ಕೇಳಿದೆ.

"ಅವನದೇ."

"ಯಾವಾಗಿನಿಂದ?"

"ನಿನ್ನ ಮದುವೆಗೂ ಮುಂಚೆ." ಅವರು ಚೀಲದ ಹಿಡಿಯನ್ನು ತಿರುಚುತ್ತಿದ್ದರು. "ಇಲ್ಲಿ ಒಬ್ಬಳಿದ್ದಳು. ಅವಳನ್ನೇ ಮದುವೆ ಮಾಡ್ಕೋತೀನಿ ಅಂತ ಹಟ ಹಿಡಿದಿದ್ದ. ನಾನೇ ಬೇಡ ಅಂದೆ. ಬಾವಿಗೆ ಬೀಳ್ತೀನಿ ಅಂತ ಹೆದರಿಸಿದೆ."

"ಯಾಕೆ ಬೇಡ ಅಂದ್ರಿ?"

"ಅವಳು ಗಂಡ ಸತ್ತವಳು ಕಣೇ," ಎಂದರು. "ನನ್ನ ಮಗನಿಗೆ ಅಂಥವಳು ಯಾಕೆ ಅನ್ನಿಸ್ತು. ಆಗ ನನಗೆ ಹಾಗೆ ಅನ್ನಿಸ್ತು."

ಅವರ ಪಕ್ಕದಲ್ಲಿ ಕುಳಿತಿರುವ ಗಂಡ ಸತ್ತವಳು ಯಾರೆಂದು ಅವರಿಗೆ ತಡವಾಗಿ ಹೊಳೆದಿರಬೇಕು. ಚೀಲದ ಹಿಡಿಯ ಮೇಲೆ ಅವರ ಕೈ ನಿಂತಿತು.

"ನಿನ್ನ ನೋಡಿ ಒಪ್ಪಿ ಮನೆ ತುಂಬಿಸಿಕೊಂಡೆ. ಎಲ್ಲ ಮುಗೀತು ಅಂದ್ಕೊಂಡೆ. ಆಮೇಲೆ ಅವನೇ ಹೇಳಿದ, ಅಷ್ಟರಲ್ಲಿ ಮಗು ಹುಟ್ಟಿತ್ತು ಅಂತ. ಒಂದು ಸಲ ಮುಖ ನೋಡಿ ಬರೋಣ ಅಂತ ಬಂದೆ. ಆಮೇಲೆ ಬರದೇ ಇರೋಕಾಗಲಿಲ್ಲ."

"ದೊಡ್ಡತ್ತೆ?"

"ಅವಳು ಹೋಗಿ ಎಷ್ಟೋ ಕಾಲ ಆಯ್ತು."

ಸತ್ತವರ ಮಂಡಿಗೆ ನಾನು ವರ್ಷ ವರ್ಷ ಎಣ್ಣೆ ಕಳಿಸಿದ್ದೆ.

"ಅವನು ಇಲ್ಲಿಗೆ ಬರ್ತಿದ್ದ," ಎಂದೆ.

"ಬರ್ತಿದ್ದ. ಲಿಫ್ಟ್ ಕೆಟ್ಟಾಗ."

"ತುಂಬಾ ಕೆಡ್ತಿತ್ತು."

ಅತ್ತೆ ತಲೆ ತಗ್ಗಿಸಿದರು. "ಅವನು ಹೋದ್ಮೇಲೆ ಅವನದು ಅಂತ ಉಳಿದಿದ್ದು ಅದೊಂದೇ ಮಗಳೇ," ಎಂದರು.

"ನಾನು?"

"ನೀನು ಎಲ್ಲಿಗೆ ಹೋಗ್ತೀಯ? ನೀನು ನನ್ನ ಹತ್ರಾನೇ ಇದ್ದೆಯಲ್ಲ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಮನೆಯಲ್ಲಿರುವ ಬಾವಿಯ ಬಗ್ಗೆ, ಹಿತ್ತಲ ಮರದ ಬಗ್ಗೆ ಹೇಳುವ ಪ್ರೀತಿ ಅದು.

"ಆ ಹೆಂಗಸಿಗೆ ನಾನು ಇರೋದು ಗೊತ್ತಾ?"

"ಗೊತ್ತು. ಮಗೂಗೆ ಗೊತ್ತಿಲ್ಲ."

ಅಂದರೆ ನನ್ನನ್ನೂ ಆ ಮಗುವನ್ನೂ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಮಗಳಂತೆ ನನ್ನನ್ನು ನೋಡಿಕೊಂಡವರು, ನನ್ನ ತಲೆ ಬಾಚಿದವರು, ಅವನು ಹೋದ ರಾತ್ರಿ ನನ್ನ ಪಕ್ಕ ಮಲಗಿ ನನ್ನ ಬೆನ್ನು ಸವರಿದವರು, ಪ್ರತಿ ಬೇಸಿಗೆ ನನ್ನ ಕಿವಿಯ ಮೇಲೆ ಹೂವಿಟ್ಟು ಬಸ್ಸು ಹತ್ತುತ್ತಿದ್ದರು. ನಾನು ನಿಲ್ದಾಣದವರೆಗೆ ಹೋಗಿ ಕೈ ಬೀಸಿ ಬರುತ್ತಿದ್ದೆ. ಗಂಡನ ಮೇಲೆ ಆ ಕ್ಷಣದಲ್ಲಿ ನನಗೆ ಸಿಟ್ಟು ಬರಲಿಲ್ಲ. ಅವನು ಸತ್ತಿದ್ದ. ಬದುಕಿ ಪಕ್ಕದಲ್ಲಿ ಕುಳಿತವರ ಮೇಲೂ ಸಿಟ್ಟು ಬರಲಿಲ್ಲ. ಮೆಟ್ಟಿಲು ಇದೆಯೆಂದು ಕಾಲಿಟ್ಟ ಕಡೆ ಅದು ಇಲ್ಲದಿದ್ದರೆ ಮೊದಲು ಸಿಟ್ಟು ಬರುವುದಿಲ್ಲ.

ಬಸ್ಸು ಬಂತು. ಅದು ಪೂರ್ತಿ ನಿಲ್ಲುವ ಮುಂಚೆಯೇ ಸ್ಕೂಲಿನ ಚೀಲ ಹೊತ್ತ ಹುಡುಗಿಯೊಬ್ಬಳು ಕೆಳಗೆ ಹಾರಿದಳು, ಓಡುವ ಬಸ್ಸಿನ ದಿಕ್ಕಿಗೇ ಸ್ವಲ್ಪ ಓಡಿ, ಮಂಡಿ ಬಗ್ಗಿಸಿ ನಿಂತಳು. ಎಂಟೊಂಬತ್ತು ವರ್ಷವಿರಬಹುದು. ಹೀಗೆಯೇ ಹಾರುತ್ತಿದ್ದ ಒಬ್ಬನನ್ನು ನಾನು ಮದುವೆಯಾದಂದಿನಿಂದ ಬೈಯುತ್ತಲೇ ಇದ್ದೆ.

"ಅಜ್ಜಿ! ರಜಾನೇ ಬಂದಿಲ್ಲ, ನೀನು ಬಂದ್ಬಿಟ್ಟೆ!"

ಅವಳು ಬಂದು ಅತ್ತೆಯ ಕೊರಳಿಗೆ ಜೋತುಬಿದ್ದಳು. ಅತ್ತೆಯ ಕೈ ತಾನಾಗಿ ಅವಳ ಬೆನ್ನಿಗೆ ಹೋಯಿತು. ಹಗ್ಗದ ಕಡೆಗೆ ಹೋದ ಹಾಗೆಯೇ, ಹುಡುಕದೆ. ಅತ್ತೆಯ ಮುಖದಲ್ಲಿ ಬಂದ ಬೆಳಕನ್ನು ನಾನು ನಮ್ಮ ಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಹುಡುಗಿ ಅವರ ಭುಜದ ಮೇಲಿಂದ ನನ್ನನ್ನು ನೋಡಿದಳು. "ಇವರು ಯಾರಜ್ಜಿ?"

ಅತ್ತೆ ನನ್ನ ಕಡೆ ತಿರುಗಿದರು. ಬೀಗದಂಗಡಿಯ ಯಂತ್ರವೂ ಆಗಲೇ ನಿಂತಿತ್ತು. ನಾನು ಕಾದೆ. ನನ್ನ ಸೊಸೆ ಎನ್ನಲಿ, ಅದು ಕಷ್ಟವಾದರೆ ನನ್ನ ಮಗಳು ಎನ್ನಲಿ, ನಮ್ಮ ಮನೆಯವಳು ಎಂದರೂ ಸಾಕು. ಅಷ್ಟು ಹೇಳಿದ್ದರೆ ನಾನು ಆ ಬೆಂಚಿನ ಮೇಲೆಯೇ ಕುಳಿತಿರುತ್ತಿದ್ದೆನೇನೋ. ಆ ಹುಡುಗಿಯ ಮನೆಗೂ ಹೋಗುತ್ತಿದ್ದೆನೇನೋ. ಮೇಡಂಗೆ ಬೇಡ ಎಂದೇ ಹೇಳುತ್ತಿದ್ದೆನೇನೋ.

"ಊರು ನೋಡೋಕೆ ಬಂದೋರು," ಎಂದರು ಅತ್ತೆ. "ಬಸ್ಸಲ್ಲಿ ಸಿಕ್ಕಿದ್ರು. ದಾರಿ ತಪ್ಪಿದ್ದಾರೆ, ಪಾಪ."

ಹುಡುಗಿಗೆ ಸಂತೋಷವಾಯಿತು. "ಲೈಟ್‌ಹೌಸ್ ನೋಡೋಕಾ ಆಂಟಿ? ಟಿಕೆಟ್ ಯಾಕೆ ತಗೋತೀರಿ, ನಮ್ಮನೆ ತಾರಸಿಯಿಂದಾನೇ ಕಾಣುತ್ತೆ. ನಮ್ಮಪ್ಪ ಯಾವಾಗ್ಲೂ ತೋರಿಸ್ತಿದ್ರು."

"ಬೇಡಮ್ಮ," ಎಂದೆ. "ಕಾಣಿಸ್ತು."

ರಸ್ತೆ ದಾಟಿ ಎದುರು ನಿಲ್ದಾಣದಲ್ಲಿ ನಿಂತೆ. ಅತ್ತೆ ಆ ಕಡೆಯಿಂದ ಕೈ ಎತ್ತಿದರು. ಏನೋ ಹೇಳಿದರು ಕೂಡ. ನಡುವೆ ಲಾರಿಯೊಂದು ಹಾದುಹೋಯಿತು. ವಾಪಸು ಹೋಗುವ ಬಸ್ಸು ಬಂದಾಗ ಹತ್ತಿದೆ. ಬಿಸಿಲು ಬೀಳುವ ಕಡೆಯೇ ಕುಳಿತೆ.

ಬಸ್ಸಿನಿಂದಲೇ ಮೇಡಂಗೆ ಫೋನು ಮಾಡಿದೆ.

"ಬರ್ತೀನಿ ಮೇಡಂ," ಎಂದೆ.

"ನಿಜವಾಗ್ಲೂ? ಒಳ್ಳೇದಾಯ್ತು ಕಣಮ್ಮ. ಆದರೆ ನಿಮ್ಮತ್ತೆ ಒಬ್ಬರೇ ಆಗ್ತಾರೆ, ಅವರಿಗೆ ಯಾರೂ ಇಲ್ಲ ಅಂತಿದ್ದೆಯಲ್ಲ?"

"ಇಲ್ಲ ಮೇಡಂ. ಅವರಿಗೆ ಜನ ಇದ್ದಾರೆ."

ಲಾಡ್ಜಿನ ಬೀದಿ ಹತ್ತಿರವಾಯಿತೆಂದು ಹಗ್ಗ ಎಳೆದೆ. ಮತ್ತೆ ಬೇಗವಾಗಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಬೇರೆ ಡ್ರೈವರ್, ಅದೇ ನೋಟ. ಹಿಂದಿನ ನಿಲ್ದಾಣದಲ್ಲಿ ಇಳಿದು, ಮುಚ್ಚಿದ ಸಿನಿಮಾ ಮಂದಿರವೊಂದನ್ನೂ ಹಳೆಯ ಟೈರುಗಳ ರಾಶಿಯನ್ನೂ ದಾಟಿ ನಡೆದೆ.

ಕೋಣೆಯಲ್ಲಿ ಅತ್ತೆಯ ಮಂಚದ ಮೇಲೆ ಅವರ ಶಾಲು ಬೆಳಿಗ್ಗೆ ಬಿಟ್ಟ ಹಾಗೆಯೇ ಬಿದ್ದಿತ್ತು. ಅಭ್ಯಾಸಬಲದಿಂದ ಅದನ್ನು ಮಡಚಿಟ್ಟೆ. ನನ್ನ ಬಟ್ಟೆಗಳ ನಡುವಿನಿಂದ ಹಸಿರು ಬಾಟಲಿಯನ್ನು ತೆಗೆದು ಶಾಲಿನ ಮೇಲಿಟ್ಟೆ. ಬೀಗದಂಗಡಿಯವರು ಕೇಳಿದ್ದರು. ನನ್ನ ಚೀಲ ಎತ್ತಿಕೊಂಡು ಕೆಳಗೆ ಬಂದು ಕೋಣೆಯ ಬೀಗದ ಕೈ ಕೊಟ್ಟೆ.

"ನೀವೊಬ್ಬರೇನಾ?" ಎಂದ ಲಾಡ್ಜಿನ ಮೇಜಿನ ಹಿಂದಿದ್ದವನು. "ದೊಡ್ಡವರು ಎಲ್ಲಿ? ಈ ಊರಲ್ಲಿ ದಾರಿ ತಪ್ಪಿದ್ರೆ ಕಷ್ಟ ಮೇಡಂ."

"ಅವರು ಬರ್ತಾರೆ," ಎಂದೆ. "ಅವರಿಗೆ ದಾರಿ ಗೊತ್ತು."

ಸ್ಟೇಷನ್ನಿಗೆ ಹೋಗುವ ಬಸ್ಸಿನಲ್ಲಿ ನಾನು ಹಗ್ಗ ಎಳೆಯಬೇಕಾಗಲಿಲ್ಲ. ಅದು ಕೊನೆಯ ನಿಲ್ದಾಣ. ಅಲ್ಲಿ ಎಲ್ಲರನ್ನೂ ಇಳಿಸುತ್ತಾರೆ.